ಮರಳು ಕಾಯುವ ಊರುಗಳಲ್ಲಿ ಆರು ದಿನ

ಮೊದಲ ದಿನ: ನೈರೋಬಿ

ತಮ್ಮ ನೈರೋಬಿ ಸೇರಿ ನಾಲ್ಕು ವರ್ಷ ಆಯಿತು. ಪ್ರತಿ ಯುಗಾದಿಗೂ ಫೋನ್ ಮಾಡಿ "ಬಾರಕ್ಕ, ಸಿಂಹ ತೋರಿಸ್ತೀನಿ" ಅನ್ನುತ್ತಿದ್ದ. 2025ರ ಆಗಸ್ಟ್ ಕೊನೆಗೆ ಅಂತೂ ಹೊರಟೆ. ಸಿಂಹ ಆಮೇಲೆ ನೋಡೋಣ, ಮೊದಲು ಮರಳು ತೋರಿಸು ಅಂದೆ.

ನಮ್ಮೂರು ಮಧುಗಿರಿ ಸೀಮೆ. ಜಯಮಂಗಲಿ ನಮ್ಮ ಹೊಳೆ. ನಾನು ಚಿಕ್ಕವಳಿದ್ದಾಗ ಬೇಸಿಗೆಯಲ್ಲಿ ಹೊಳೆ ನಿಂತರೂ ಮರಳು ಇರುತ್ತಿತ್ತು. ಅವ್ವ ಬಿಂದಿಗೆ ಇಟ್ಟು, ಸೆರಗು ಸಿಕ್ಕಿಸಿ, ಮರಳು ಬಗೆದು ಒರತೆ ತೋಡುತ್ತಿದ್ದಳು. ಮೊಣಕೈ ಆಳಕ್ಕೆ ತೇವ. ಇನ್ನೊಂದು ಮೊಳ ಬಗೆದರೆ ನೀರು. ಮೊದಲು ಕೆಂಪಗೆ ಬರುತ್ತಿತ್ತು. ನಾಲ್ಕು ಚೊಂಬು ಎತ್ತಿ ಚೆಲ್ಲಿದ ಮೇಲೆ ತಿಳಿಯಾಗುತ್ತಿತ್ತು. ಆ ಮರಳು ಲಾರಿ ಹತ್ತಿ ಹೋಯಿತು. ಈಗ ಅಲ್ಲಿ ಬಂಡೆ, ಜೇಡಿ, ಬಳ್ಳಾರಿ ಜಾಲಿ.

ಇಪ್ಪತ್ತು ವರ್ಷದಿಂದ ಹೆಂಗಸರ ಸಂಘಗಳ ಜೊತೆ ನೀರಿನ ಕೆಲಸ ಮಾಡುತ್ತಿದ್ದೇನೆ. ಹೊರದೇಶದ ದುಡ್ಡಿನಲ್ಲಿ ಕಟ್ಟಿದ್ದನ್ನೂ ನೋಡಿದ್ದೇನೆ, ಅದರಲ್ಲಿ ಕೆಲವು ಕೊಚ್ಚಿಹೋದದ್ದನ್ನೂ ನೋಡಿದ್ದೇನೆ. ಕೀನ್ಯಾದ ಮಚಾಕೋಸ್, ಮಕುವೇನಿ, ಕಿಟುಯಿ ಕೌಂಟಿಗಳಲ್ಲಿ (ನಮ್ಮ ಜಿಲ್ಲೆಗಳ ಹಾಗೆ) ಒಣಹೊಳೆಗೆ ಅಡ್ಡ ಗೋಡೆ ಕಟ್ಟಿ, ಮರಳು ತುಂಬಿಸಿ, ಆ ಮರಳಲ್ಲಿ ನೀರು ಇಟ್ಟುಕೊಳ್ಳುತ್ತಾರೆ ಎಂದು ಯಾರೋ ಹೇಳಿದ್ದರು. ಸ್ಯಾಂಡ್ ಡ್ಯಾಮ್ ಅಂತಾರೆ. ನಾನು ಮರಳೊಡ್ಡು ಅನ್ನುತ್ತೇನೆ. ಹತ್ತು ವರ್ಷದಿಂದ ಅದು ತಲೆಯಲ್ಲಿ ಕೊರೆಯುತ್ತಿತ್ತು.

ನೈರೋಬಿ ಎತ್ತರದ ಊರು. ಆಗಸ್ಟ್‌ನಲ್ಲಿ ಸ್ವೆಟರ್ ಬೇಕು. ಪ್ಲಾಸ್ಟಿಕ್ ಕ್ಯಾರಿ ಬ್ಯಾಗ್ ಅಲ್ಲಿ 2017ರಿಂದ ನಿಷೇಧ. ಹಾಗಾಗಿ ಚಟ್ನಿಪುಡಿ, ಹುರಿಹಿಟ್ಟು ಎಲ್ಲ ಬಟ್ಟೆ ಚೀಲದಲ್ಲಿ ಒಯ್ದಿದ್ದೆ. ತಮ್ಮ ಅವತ್ತೇ ರಾತ್ರಿ ಅರ್ಧ ಖಾಲಿ ಮಾಡಿದ.

ಎರಡನೇ ದಿನ: ಮಚಾಕೋಸ್

ಬೆಳಗ್ಗೆ ಮೊಂಬಾಸಾ ರಸ್ತೆ ಹಿಡಿದೆವು. ಪಕ್ಕದಲ್ಲೇ ಹೊಸ ರೈಲು ಕಂಬಗಳ ಮೇಲೆ ಓಡುತ್ತದೆ. ಹಳೇ ರೈಲುದಾರಿ 1896ರಿಂದ 1901ರವರೆಗೆ ಹಾಕಿದ್ದು. ಅದಕ್ಕೆ ಮೂವತ್ತು ಸಾವಿರಕ್ಕೂ ಜಾಸ್ತಿ ಕೂಲಿಗಳು ನಮ್ಮ ದೇಶದಿಂದ ಹೋಗಿದ್ದರು. ಚಪಾತಿ ಅಲ್ಲಿಯ ಊಟವಾಗಿಬಿಟ್ಟಿದೆ. ಗಾರೆ ಹೊರುವ ಕಬ್ಬಿಣದ ಬಾಂಡ್ಲಿಗೆ ಅವರು 'ಕರಾಯಿ' ಅಂತಾರೆ. ನಮ್ಮ ಕಡಾಯಿಯೇ ಅಲ್ವಾ!

ಮಚಾಕೋಸ್ ನೈರೋಬಿಯಿಂದ ಅರವತ್ತು ಚಿಲ್ಲರೆ ಕಿಲೋಮೀಟರ್. ರಸ್ತೆ ಗುಡ್ಡ ಹತ್ತತೊಡಗಿದ ಹಾಗೆ ಮಾತು ನಿಂತುಹೋಯಿತು. ಒಂದೊಂದು ಗುಡ್ಡವೂ ಬುಡದಿಂದ ನೆತ್ತಿಯವರೆಗೆ ಮೆಟ್ಟಿಲು ಮೆಟ್ಟಿಲು. ಪ್ರತಿ ಮೆಟ್ಟಿಲ ಅಂಚಿಗೂ ನೇಪಿಯರ್ ಹುಲ್ಲು. ನಡುವೆ ಮಾವು, ಮುಸುಕಿನ ಜೋಳದ ಕೂಳೆ, ಒಣಗಿ ನಿಂತ ತೊಗರಿ.

ನಮಗೆ ಜೊತೆಯಾದ ಹುಡುಗಿ ಸಿವಿಲ್ ಎಂಜಿನಿಯರ್. ಮರಳೊಡ್ಡು ಕಟ್ಟಿಸುವ ಸಂಸ್ಥೆಯೊಂದರಲ್ಲಿ ಕೆಲಸ. ಕಾಂಬಾ ಜನಾಂಗದವಳು. ಅವಳಜ್ಜಿಯ ಊರು ಇದೇ. ಅವಳು ಕಾರು ನಿಲ್ಲಿಸಿ ಒಂದು ಬದುವಿನ ಹತ್ತಿರ ಕರೆದುಕೊಂಡು ಹೋದಳು.

"ಇದಕ್ಕೆ ಫಾನ್ಯಾ ಜೂ ಅಂತೀವಿ. ಅಂದ್ರೆ, ಮೇಲಕ್ಕೆ ಹಾಕು."

ಮಟ್ಟ ನೋಡಿ ಇಳಿಜಾರಿಗೆ ಅಡ್ಡಲಾಗಿ ಕಾಲುವೆ ತೋಡುತ್ತಾರೆ. ಮಣ್ಣನ್ನು ಮೇಲ್ಬದಿಗೆ ಎಸೆಯುತ್ತಾರೆ. ನಾವು ಮೇಲ್ಬದಿಯಲ್ಲಿ ಗುಂಡಿ ತೋಡಿ ಮಣ್ಣು ಕೆಳಗೆ ಹಾಕಿ ಬದು ಮಾಡುತ್ತೇವೆ. ಇವರದು ತಿರುಗುಮುರುಗು. ಮೇಲಕ್ಕೆ ಎಸೆಯೋದು ತ್ರಾಸದ ಕೆಲಸ. ಆದರೆ ಮೇಲಿಂದ ಕೊಚ್ಚಿ ಬರುವ ಮಣ್ಣು ಆ ದಿಣ್ಣೆಗೆ ತಗುಲಿ ನಿಲ್ಲುತ್ತದೆ. ವರ್ಷ ವರ್ಷ ತುಂಬಿ, ಕೆಲವೇ ವರ್ಷದಲ್ಲಿ ಇಳಿಜಾರೇ ತಟ್ಟಾಗುತ್ತದೆ. ಜೆಸಿಬಿ ಇಲ್ಲ, ಏನಿಲ್ಲ. ಮಳೆಯೇ ಮಟ್ಟ ಮಾಡುತ್ತದೆ.

ಇದೇ ಗುಡ್ಡಗಳು 1930ರ ದಶಕದಲ್ಲಿ ಬೋಳು ಬಂಡೆ, ಕೊರಕಲು. ಇಲ್ಲಿ ಇನ್ನು ಬದುಕೋಕೆ ಆಗಲ್ಲ ಎನ್ನುವ ಹಾಗೆ ಬ್ರಿಟಿಷ್ ಅಧಿಕಾರಿಗಳು ಬರೆದಿಟ್ಟಿದ್ದಾರೆ. ದನ ಜಾಸ್ತಿಯಾಯಿತು ಅದಕ್ಕೇ ಹೀಗೆ ಅಂತ 1938ರಲ್ಲಿ ಸರ್ಕಾರ ಜನರ ದನಗಳನ್ನು ಹಿಡಿದು ಮಾರತೊಡಗಿತು. ಮುಯಿಂಡಿ ಮ್ಬಿಂಗು ಎಂಬವರ ಮುಂದಾಳ್ತನದಲ್ಲಿ ಸಾವಿರಾರು ಕಾಂಬಾ ಜನ ನೈರೋಬಿಗೆ ನಡೆದುಕೊಂಡು ಹೋಗಿ ಬೀಡುಬಿಟ್ಟರು. ಸರ್ಕಾರ ಹಿಂದೆಗೆಯಬೇಕಾಯಿತು. ಆಮೇಲೆ ಬಲವಂತವಾಗಿ ಬದು ಹಾಕಿಸಿದರು. ಜನ ಅದನ್ನೂ ದ್ವೇಷಿಸಿದರು.

ಅದೇ ಜನ ಮುಂದೆ ತಾವಾಗೇ ಇಡೀ ಗುಡ್ಡಗಳಿಗೆ ಮೆಟ್ಟಿಲು ಹಾಕಿದರು. 1930ರ ದಶಕದಿಂದ 1990ರ ಹೊತ್ತಿಗೆ ಜನಸಂಖ್ಯೆ ಐದು ಪಟ್ಟಿಗೂ ಜಾಸ್ತಿಯಾಯಿತು. ಮಣ್ಣು ಕೊಚ್ಚುವುದು ಮಾತ್ರ ಕಡಿಮೆಯಾಯಿತು. 1974ರಿಂದ ಸ್ವೀಡನ್ ಸರ್ಕಾರ ಇದಕ್ಕೆ ನೆರವು ಕೊಟ್ಟಿತು. ಹೊಲ ತಮ್ಮದು, ಬೆಳೆ ತಮ್ಮದು, ಮಾರಲು ನೈರೋಬಿ ಹತ್ತಿರ. ಅಷ್ಟಾದ ಮೇಲೆ ಬದು ಹಾಕು ಅಂತ ಯಾರೂ ಹೇಳಬೇಕಾಗಲಿಲ್ಲ. ಎಂಜಿನಿಯರ್ ಹುಡುಗಿ ಇಷ್ಟನ್ನೂ ರಸ್ತೆ ಬದಿಯಲ್ಲಿ ನಿಂತು, ಹುಲ್ಲಿನ ಎಸಳು ಸೀಳುತ್ತಾ ಹೇಳಿದಳು.

ಮೂರನೇ ದಿನ: ಕೋಲಾ ಕಡೆ

ಮಚಾಕೋಸ್‌ನಿಂದ ದಕ್ಷಿಣಕ್ಕೆ ಇಳಿದರೆ ಕೋಲಾ. 1978ರಲ್ಲಿ ಈ ಭಾಗದಲ್ಲಿ ಜೋಷುವಾ ಮುಕುಸ್ಯಾ ಎಂಬವರು ನಾಲ್ಕಾರು ಮನೆಯವರನ್ನು ಸೇರಿಸಿಕೊಂಡು ಉಟೂನಿ ಎಂಬ ಸ್ವಸಹಾಯ ಗುಂಪು ಕಟ್ಟಿದರು. ಮರಳೊಡ್ಡು ಅವರು ಕಂಡುಹಿಡಿದದ್ದಲ್ಲ. 1950ರ ದಶಕದಲ್ಲೇ ವಸಾಹತು ಸರ್ಕಾರ ಕೆಲವನ್ನು ಕಟ್ಟಿತ್ತು. ಜನ ಸೇರಿ ತಮ್ಮ ಕೈಯಾರೆ ಕಟ್ಟಬಹುದು ಅಂತ ತೋರಿಸಿದ್ದು ಅವರು. ಆಮೇಲೆ ಬ್ರಿಟನ್ನಿನ ಎಕ್ಸಲೆಂಟ್ ಡೆವಲಪ್‌ಮೆಂಟ್ ಸಂಸ್ಥೆ ಜೊತೆಗೂಡಿತು. ಪಕ್ಕದ ಕಿಟುಯಿಯಲ್ಲಿ ಸಾಸೋಲ್ ಎಂಬ ಸಂಸ್ಥೆ 1990ರ ದಶಕದಿಂದ ನೂರಾರು ಒಡ್ಡು ಕಟ್ಟಿಸಿತು.

ಬೆಳಗ್ಗೆ ಎಂಟಕ್ಕೆ ಹೊಳೆಗೆ ಇಳಿದೆವು. ನಮ್ಮ ಹೊಳೆಯೇ ಅನ್ನಿಸಿತು. ಮುಖ ಮುಚ್ಚುವಷ್ಟು ಬಿಸಿಲು, ಎರಡೂ ದಡಕ್ಕೆ ಜಾಲಿ, ನಡುವೆ ಬಿಳಿ ಮರಳು. ಒಂದೇ ವ್ಯತ್ಯಾಸ ಏನಂದರೆ, ಮರಳು ಇತ್ತು. ಚಪ್ಪಲಿ ಬಿಟ್ಟು ನಿಂತೆ. ಎಷ್ಟು ವರ್ಷ ಆಗಿತ್ತು ಅಂಗಾಲಿಗೆ ಹೊಳೆ ಮರಳು ತಾಗಿ!

ಮುಂದೆ ಒಂದು ಗೋಡೆ. ಆಳೆತ್ತರಕ್ಕಿಂತ ಸ್ವಲ್ಪ ಜಾಸ್ತಿ. ಹಿಂದುಗಡೆ ಮರಳು ಗೋಡೆಯ ನೆತ್ತಿಯವರೆಗೆ ತುಂಬಿ, ಮೇಲಕ್ಕೆ ನೂರಾರು ಮೀಟರ್ ಹಾಸಿಕೊಂಡಿತ್ತು. ಒಬ್ಬ ಮುದುಕಿ ಅದರಲ್ಲಿ ಕೂತು ಸೋರೆ ಬುರುಡೆಯಿಂದ ನೀರು ಎತ್ತಿ ಹಳದಿ ಜೆರಿಕ್ಯಾನ್‌ಗೆ ತುಂಬುತ್ತಿದ್ದಳು. ಪಕ್ಕದಲ್ಲಿ ಎರಡು ಕತ್ತೆ. ಒರತೆಯ ಸುತ್ತ ಮುಳ್ಳಿನ ಬೇಲಿ. ದನ ತುಳಿಯಬಾರದಲ್ಲ. ಬೇಲಿಯ ಒಳಗೆ ಕುಡಿಯುವ ನೀರಿಗೊಂದು ಗುಂಡಿ, ಹೊರಗೆ ದನಕ್ಕೆ ಬೇರೆ ಗುಂಡಿ.

ಅಲ್ಲಿ ದೊಡ್ಡ ಹೆಂಗಸರನ್ನು 'ಮಾಮಾ' ಅಂತ ಕರೆಯುತ್ತಾರೆ. ಅಮ್ಮ ಅಂತ ಅರ್ಥ. ನಾನೂ ಹಾಗೇ ಕರೆದೆ. "ಮಾಮಾ, ಮೊದಲು ನೀರಿಗೆ ಎಷ್ಟು ದೂರ ಹೋಗ್ತಿದ್ರಿ?"

"ಕೋಳಿ ಕೂಗೋಕೆ ಮುಂಚೆ ಹೊರಟ್ರೆ ಮಧ್ಯಾಹ್ನ ಮನೆ. ಮಗಳು ಶಾಲೆ ಬಿಟ್ಟಿದ್ದು ಅದಕ್ಕೇ" ಅಂದಳು. ಎಂಜಿನಿಯರ್ ಹುಡುಗಿ ಮಾತು ದಾಟಿಸಿದಳು. ಆಮೇಲೆ ಮುದುಕಿ ನನ್ನ ಕೈಗೆ ಬುರುಡೆ ಕೊಟ್ಟಳು. ಎತ್ತಿ ಕುಡಿದೆ. ತಣ್ಣಗಿತ್ತು. ರುಚಿ ಗೊತ್ತಿದ್ದದ್ದೇ. ಗಂಟಲು ಕಟ್ಟಿತು.

ಇದು ಹೇಗೆ ಕೆಲಸ ಮಾಡುತ್ತದೆ ಅಂತ ಹುಡುಗಿ ಒಂದು ಬಾಟಲಿ ತೆಗೆದು ತೋರಿಸಿದಳು. ಬಾಟಲಿಗೆ ಬಾಯಿಮಟ್ಟ ಒಣ ಮರಳು ತುಂಬಿದಳು. "ತುಂಬಿತಾ?" ತುಂಬಿತು ಅಂದೆ. ಇನ್ನೊಂದು ಅಷ್ಟೇ ದೊಡ್ಡ ಬಾಟಲಿಯಿಂದ ನೀರು ಹೊಯ್ದಳು. ಗುಳುಗುಳು ಅಂತ ಇಳಿಯಿತು, ಇಳಿಯುತ್ತಲೇ ಹೋಯಿತು. ತುಳುಕುವ ಹೊತ್ತಿಗೆ ಆ ಬಾಟಲಿ ಮೂರನೇ ಒಂದು ಪಾಲು ಖಾಲಿ. ಹೊಳೆಯ ಮರಳು ತನ್ನ ಗಾತ್ರದ ಶೇ. 25ರಿಂದ 40ರಷ್ಟು ನೀರು ಹಿಡಿಯುತ್ತದೆ. ಒರಟು ಮರಳಾದರೆ ಅದನ್ನು ವಾಪಸ್ಸು ಬಿಟ್ಟುಕೊಡುತ್ತದೆ. ಜೇಡಿಯಾದರೆ ಹಿಡಿದಿಟ್ಟುಕೊಳ್ಳುತ್ತದೆಯೇ ಹೊರತು ಕೊಡುವುದಿಲ್ಲ. ಮೇಲಿನ ಎರಡಡಿ ಮರಳು ಒಣಗಿದ ಮೇಲೆ ಕೆಳಗಿನದಕ್ಕೆ ಬಿಸಿಲು ತಾಗುವುದಿಲ್ಲ. ಕೆರೆಯ ಹಾಗೆ ಆವಿಯಾಗುವುದಿಲ್ಲ, ಸೊಳ್ಳೆಯಿಲ್ಲ, ಮೇಲಾಗಿ ಮರಳೇ ಸೋಸಿ ಕೊಡುತ್ತದೆ. ದೊಡ್ಡ ಮಳೆಯ ನೀರು ಗೋಡೆ ಹಾರಿ ಕೆಳಗಿನ ಊರಿಗೆ ಹೋಗುತ್ತದೆ. ಇಲ್ಲಿ ನಿಲ್ಲುವುದು ಅದರಲ್ಲೊಂದು ಸಣ್ಣ ಪಾಲು.

ಮಧ್ಯಾಹ್ನ ಇನ್ನೊಂದು ಹೊಳೆಗೆ ಹೋದೆವು. ಅಲ್ಲಿ ಹೊಸ ಒಡ್ಡು ಏಳುತ್ತಿತ್ತು. ಅಕ್ಟೋಬರ್ ಮಳೆ ಬರುವುದರೊಳಗೆ ಮುಗಿಯಬೇಕು. ಕಾಂಬಾ ನಾಡಿಗೆ ಎರಡು ಮಳೆಗಾಲ. ಮಾರ್ಚ್‌ನಿಂದ ಮೇ ಒಂದು, ಅಕ್ಟೋಬರ್‌ನಿಂದ ಡಿಸೆಂಬರ್ ಇನ್ನೊಂದು. ಅವರು ಹೆಚ್ಚು ನೆಚ್ಚಿಕೊಳ್ಳುವುದು ಎರಡನೆಯದನ್ನೇ.

ಐವತ್ತು ಜನ ಇದ್ದಿರಬಹುದು. ಮುಕ್ಕಾಲು ಪಾಲು ಹೆಂಗಸರು. ಹಾಸುಬಂಡೆ ಸಿಗುವವರೆಗೆ ತಳಪಾಯ ಅಗೆದಿದ್ದರು. ಬಂಡೆಗೆ ತೂತು ಹೊಡೆದು ಕಂಬಿ ನಿಲ್ಲಿಸಿದ್ದರು, ಅಡ್ಡಕ್ಕೆ ಮುಳ್ಳುತಂತಿ ಎಳೆದಿದ್ದರು. ಎರಡೂ ಕಡೆ ಸೆಂಟ್ರಿಂಗ್ ಹಲಗೆ. ನಡುವೆ ಕಲ್ಲು, ಗಾರೆ, ಕಲ್ಲು, ಗಾರೆ. ಕಲ್ಲು ಗುಡ್ಡದಿಂದ ಬರುತ್ತಿತ್ತು, ಸಾಲು ನಿಂತು ಕೈಯಿಂದ ಕೈಗೆ. ನಾನೂ ಸಾಲಿಗೆ ಸೇರಿದೆ. ನನ್ನ ಎಡಗಡೆ ಬೆನ್ನಿಗೆ ಕೂಸು ಕಟ್ಟಿಕೊಂಡ ಹುಡುಗಿ, ಬಲಗಡೆ ನನಗಿಂತ ಹಿರಿಯಳು. ಅರ್ಧ ಗಂಟೆಯಲ್ಲಿ ಅಂಗೈ ಉರಿಯತೊಡಗಿತು. ಅವರು ಬೆಳಗ್ಗೆ ಏಳರಿಂದ ನಿಂತಿದ್ದರು, ಹಾಡು ನಿಂತಿರಲಿಲ್ಲ.

ಇದಕ್ಕೆ 'ಮ್ವೆಥ್ಯಾ' ಅಂತಾರೆ. ಇವತ್ತು ನಿನ್ನ ಹೊಲಕ್ಕೆ ನಾವೆಲ್ಲ, ನಾಳೆ ನನ್ನ ಹೊಲಕ್ಕೆ ನೀವೆಲ್ಲ. ನಮ್ಮ ಮುಯ್ಯಾಳು ಪದ್ಧತಿಯೇ. ನಮ್ಮ ಮಧುಗಿರಿ, ಪಾವಗಡದ ತಲಪರಿಗೆಗಳೂ ಹೀಗೇ ಬದುಕಿದ್ದವು. ಹಳ್ಳದ ಮರಳಲ್ಲೋ ಕೆರೆಯಂಗಳದಲ್ಲೋ ಒಸರುವ ನೀರನ್ನು ತೋಡಿ ಗದ್ದೆಗೆ ಹಾಯಿಸುತ್ತಿದ್ದರು. ವರ್ಷಕ್ಕೊಮ್ಮೆ ಹೂಳೆತ್ತಲು ಮನೆಗೊಂದಾಳು. ಬೋರ್‌ವೆಲ್ ಬಂತು, ಮನೆಗೊಂದಾಳು ನಿಂತಿತು, ತಲಪರಿಗೆ ಮುಚ್ಚಿಹೋಯಿತು.

ಇಲ್ಲಿ ಲೆಕ್ಕ ಸರಳ. ಸಿಮೆಂಟ್, ಕಂಬಿ, ಎಂಜಿನಿಯರ್ ಸಂಸ್ಥೆಯದು, ಅಂದರೆ ಹೊರದೇಶದ ದಾನಿಗಳ ದುಡ್ಡು. ಕಲ್ಲು, ಮರಳು, ನೀರು, ದುಡಿಮೆ ಗುಂಪಿನದು. ಮರದ ಕೆಳಗೆ ಒಬ್ಬ ಹೆಂಗಸು ರೂಲು ಹಾಕಿದ ಪುಸ್ತಕ ಹಿಡಿದು ಕೂತಿದ್ದಳು. ಹಾಜರಿ ಪುಸ್ತಕ. ಬಾರದವರಿಗೆ ದಂಡ. ನಾನು ಹಾಳೆ ತಿರುವಿದೆ. ಭಾಷೆ ಬರದಿದ್ದರೂ ಓದಲು ಏನೂ ತೊಂದರೆ ಆಗಲಿಲ್ಲ. ನಮ್ಮ ಸಂಘದ ಪುಸ್ತಕವೂ ಹೀಗೇ ಇರುತ್ತದೆ.

ಇನ್ನೊಂದು ಪುಸ್ತಕ ನನ್ನ ಮುಂದೆ ಇಟ್ಟರು. ಬಂದವರು ರುಜು ಹಾಕುವ ಪುಸ್ತಕ. ಕೀನ್ಯಾದಲ್ಲಿ ಯಾವ ಗುಂಪಿಗೆ ಹೋದರೂ ಇದು ತಪ್ಪದು. ಹೆಸರು, ಊರು, ಸಂಸ್ಥೆ, ಅನಿಸಿಕೆ. ಹಿಂದಿನ ಹಾಳೆಗಳಲ್ಲಿ ಡೆನ್ಮಾರ್ಕ್, ಕೆನಡಾ, ನೆದರ್ಲೆಂಡ್ಸ್, ಬ್ರಿಟನ್. ಒಂದೊಂದು ತಿಂಗಳಿಗೆ ಎರಡು ಮೂರು ರುಜು. 2025ರ ಹಾಳೆಗೆ ಬಂದಾಗ ನಾನು ಎರಡನೆಯವಳು.

ಆ ವರ್ಷ ಜನವರಿಯಲ್ಲಿ ಅಮೆರಿಕ ತನ್ನ ಹೊರದೇಶದ ನೆರವನ್ನು ತಡೆಹಿಡಿಯಿತು. ಜುಲೈ ಹೊತ್ತಿಗೆ ಅವರ ನೆರವಿನ ಸಂಸ್ಥೆಯೇ ಮುಚ್ಚಿತು. ಬ್ರಿಟನ್ ಕೂಡ 2027ರ ಹೊತ್ತಿಗೆ ತನ್ನ ನೆರವನ್ನು ದೇಶದ ಆದಾಯದ ಶೇ. 0.5ರಿಂದ 0.3ಕ್ಕೆ ಇಳಿಸುತ್ತೇವೆ ಅಂದಿದೆ. ಮುಂದಿನ ಒಡ್ಡಿಗೆ ಸಿಮೆಂಟ್ ಎಲ್ಲಿಂದ ಅಂತ ಕೇಳಿದೆ. ಎಂಜಿನಿಯರ್ ಹುಡುಗಿ ಸುಮ್ಮನೆ ಸಾಲಿನ ಕಡೆ ನೋಡಿದಳು. "ಕಲ್ಲು ಕೂಡಿಸಿಡಿ ಅಂತ ಹೇಳಿದ್ದೀನಿ. ಕಲ್ಲಿಗೆ ದಾನಿ ಬೇಕಾಗಿಲ್ಲ" ಅಂದಳು.

ಹೊರಡುವ ಮುಂಚೆ ಗೋಡೆಯ ಎರಡೂ ತುದಿ ನೋಡಿದೆ. ದಡದ ಒಳಕ್ಕೆ ಬಹಳ ದೂರ ಒಯ್ದಿದ್ದರು. ರೆಕ್ಕೆ ಗೋಡೆ. ನಮ್ಮೂರ ಪಕ್ಕದ ಹಳ್ಳದಲ್ಲಿ ಒಂದು ಯೋಜನೆಯಲ್ಲಿ ಚೆಕ್ ಡ್ಯಾಮ್ ಕಟ್ಟಿದ್ದರು. ರೆಕ್ಕೆ ದಡಕ್ಕೆ ಮುಟ್ಟಿದ ಕೂಡಲೇ ನಿಲ್ಲಿಸಿದ್ದರು. ಎರಡನೇ ಮಳೆಗೆ ಹಳ್ಳ ಪಕ್ಕದಿಂದ ದಡ ಕೊರೆದುಕೊಂಡು ಹೋಯಿತು. ಗೋಡೆ ಇವತ್ತಿಗೂ ಗಟ್ಟಿಯಾಗಿ ನಿಂತಿದೆ, ನೀರು ಅದರ ಬದಿಯಲ್ಲಿ ಹರಿಯುತ್ತದೆ. ಕಟ್ಟುವಾಗ ಊರಿನ ಯಾರನ್ನೂ ಕೇಳಿರಲಿಲ್ಲ. ಮಳೆ ನೀರು ಎಲ್ಲಿಯವರೆಗೆ ಏರುತ್ತದೆ ಅಂತ ನಮ್ಮಪ್ಪನಿಗೆ ಗೊತ್ತಿತ್ತು. ಇಲ್ಲಿ ಜಾಗ ಗುರುತು ಮಾಡುವಾಗ ಮೊದಲು ಕೇಳುವುದೇ ಮುದುಕರನ್ನು. ಬೇಸಿಗೆ ಕೊನೆಯವರೆಗೂ ಒರತೆ ಬತ್ತದ ಜಾಗ ಯಾವುದು? ದೊಡ್ಡ ನೆರೆ ಬಂದಾಗ ಯಾವ ಮರದ ಬುಡ ಮುಳುಗಿತ್ತು? ಆ ಉತ್ತರದ ಮೇಲೆ ಗೋಡೆಯ ಜಾಗ, ಉದ್ದ ನಿರ್ಧಾರ.

ನಾಲ್ಕನೇ ದಿನ: ವೋಟೆ

ಮಕುವೇನಿ ಕೌಂಟಿಯ ಮುಖ್ಯ ಊರು ವೋಟೆ. ಮಚಾಕೋಸ್ ಗುಡ್ಡದಿಂದ ಇಳಿದಂತೆ ಸೆಕೆ ಏರಿತು. ದಾರಿಯುದ್ದಕ್ಕೂ ಮಾವು ಹೂ ಬಿಟ್ಟಿತ್ತು. ಅಂಗಳಗಳಲ್ಲಿ ತೊಗರಿ ಬಡಿಯುತ್ತಿದ್ದರು. ಕೋಲು, ಹರವಿದ ಟಾರ್ಪಾಲು, ಮೊರದಲ್ಲಿ ತೂರುವ ಅಜ್ಜಿ, ಎಲ್ಲ ನಮ್ಮದೇ. ಕೀನ್ಯಾದ ತೊಗರಿ ಬಹಳಷ್ಟು ಬೆಳೆಯುವುದು ಈ ಮೂರು ಕೌಂಟಿಗಳಲ್ಲೇ. ಅದರಲ್ಲಿ ಒಂದಿಷ್ಟು ಹಡಗು ಹತ್ತಿ ನಮ್ಮ ದೇಶಕ್ಕೂ ಬರುತ್ತದೆ. ನಮ್ಮ ಸಾರಿನಲ್ಲಿ ಯಾವತ್ತೋ ಇವರ ಬೇಳೆ ಬೆಂದಿರಬಹುದು. ಹೆಸರುಕಾಳಂತೂ ಅಲ್ಲಿ ಊರಿಗೆಲ್ಲ ಬೆಳೆ. 'ನ್ಡೆಂಗು' ಅಂತಾರೆ.

ಒಬ್ಬ ರೈತನ ಹೊಲಕ್ಕೆ ಹೋದೆವು. ಎರಡು ಎಕರೆಗಿಂತ ಸ್ವಲ್ಪ ಕಡಿಮೆ. ಒಡ್ಡಿನಿಂದ ಮೇಲೆ, ಹೊಳೆಯ ದಡದಲ್ಲೇ ಇದೆ. ಒಡ್ಡು ಕಟ್ಟಿದ ಮೇಲೆ ಮರಳಿನ ನೀರು ದಡದೊಳಕ್ಕೂ ಇಳಿದು ಬಾವಿಯ ಮಟ್ಟ ಏರಿತಂತೆ. ಇಪ್ಪತ್ತಡಿ ಬಾವಿ. ಅದಕ್ಕೆ ಕಾಲಲ್ಲಿ ತುಳಿಯುವ ಪಂಪು. ಎರಡು ಪೆಡಲ್, ಮೆಟ್ಟಿಲು ಹತ್ತಿದ ಹಾಗೆ ತುಳಿಯಬೇಕು. ಇದು ಕೀನ್ಯಾದಲ್ಲೇ ರೂಪುಗೊಂಡ 'ಮನಿಮೇಕರ್' ಪಂಪು. 1990ರ ದಶಕದಲ್ಲಿ ಬಂತು. ಈಗ ಕಿಕ್‌ಸ್ಟಾರ್ಟ್ ಅನ್ನುವ ಆ ಸಂಸ್ಥೆಯವರು ಪಂಪನ್ನು ಪುಕ್ಕಟೆ ಹಂಚುವುದಿಲ್ಲ, ಮಾರುತ್ತಾರೆ. ದಾನದ ದುಡ್ಡು ಪಂಪನ್ನು ರೂಪಿಸಲು, ಊರೂರಿಗೆ ತಲುಪಿಸಲು ಖರ್ಚಾಗುತ್ತದೆ. ಕೊಂಡವನು ಬಳಸುತ್ತಾನೆ ಅನ್ನುವುದು ಅವರ ಲೆಕ್ಕ.

ಅದು ಪೂರ್ತಿ ಸರಿ ಅಂತ ನನಗೆ ಅನ್ನಿಸಲಿಲ್ಲ. ನಮ್ಮ ಸಂಘಗಳಲ್ಲಿ ತೀರಾ ಬಡವಿಗೆ ಮುಂಗಡ ಕಟ್ಟುವ ಶಕ್ತಿಯೇ ಇರುವುದಿಲ್ಲ. ಈ ರೈತನಿಗೂ ಪಂಪು ಬಂದದ್ದು ಹೆಂಡತಿಯ 'ಚಾಮಾ'ದಿಂದ. ಅದು ಅಲ್ಲಿಯ ಚೀಟಿ ಗುಂಪು. ಹನ್ನೆರಡು ಹೆಂಗಸರು ವಾರಕ್ಕಿಷ್ಟು ಅಂತ ಹಾಕಿ, ಸರದಿಯ ಮೇಲೆ ಒಬ್ಬೊಬ್ಬರಿಗೆ ಪಂಪು ಕೊಂಡುಕೊಟ್ಟಿದ್ದರು. ಚೀಟಿ ಇರದಿದ್ದರೆ ಆ ಪಂಪು ಅಂಗಡಿಯಲ್ಲೇ ಇರುತ್ತಿತ್ತು.

ತುಳಿದು ನೋಡಿದೆ. ಹತ್ತು ನಿಮಿಷಕ್ಕೆ ತೊಡೆ ನಡುಗಿತು. ಅಷ್ಟರಲ್ಲಿ ಎರಡು ಮಡಿ ಟೊಮೆಟೊ ತೊಯ್ದಿತ್ತು. ಸೊಪ್ಪಿನ ಮಡಿ, ಈರುಳ್ಳಿ ಮಡಿ ಬಾಕಿ. 'ಸುಕುಮಾ ವಿಕಿ' ಅನ್ನುವ ಸೊಪ್ಪನ್ನು ಅವರು ದಿನಾ ತಿನ್ನುತ್ತಾರೆ. ಆ ಹೆಸರಿಗೆ ವಾರ ದೂಡು ಅಂತ ಅರ್ಥ. ಹೆಂಡತಿ ಮಡಿಗಳ ಮೇಲೆ ಒಣಹುಲ್ಲು ಹೊದಿಸಿದ್ದಳು. ಗಿಡದ ಬುಡಕ್ಕೆ ಕೈ ಹಾಕಿ ಹುಲ್ಲು ಸರಿಸಿ ಮಣ್ಣು ಮುಟ್ಟಿಸಿದಳು. ಮೂರು ದಿನದ ಹಿಂದೆ ಬಿಟ್ಟ ನೀರು, ಇನ್ನೂ ಹಸಿ. ನಮ್ಮ ಕಡೆ ಡ್ರಿಪ್ ಹಾಕಿದ ಎಷ್ಟೋ ತೋಟಗಳಲ್ಲಿ ನಾನು ಇಷ್ಟು ಎಚ್ಚರ ನೋಡಿಲ್ಲ. ನೀರನ್ನು ಕಾಲಲ್ಲಿ ತುಳಿದು ಎತ್ತಿದವರಿಗೆ ಒಂದೊಂದು ಕೊಡದ ತೂಕವೂ ಗೊತ್ತು.

"ಎಲ್ಲರೂ ಡೀಸೆಲ್ ಪಂಪು ಇಟ್ಟರೆ?" ಅಂತ ಕೇಳಿದೆ.

"ಇಟ್ಟಿದ್ದರು" ಅಂದ ರೈತ. "ಮೇಲಿನ ಹೊಲದವನು ರಾತ್ರಿಯೆಲ್ಲ ಎಳೆದ. ಬೆಳಗ್ಗೆ ಕುಡಿಯೋ ಗುಂಡಿ ಒಣಗಿತ್ತು. ಗುಂಪು ಕೂತು ತೀರ್ಮಾನ ಮಾಡಿತು. ಈಗ ಜುಲೈ ಆದಮೇಲೆ ಎಂಜಿನ್ ಇಡೋ ಹಾಗಿಲ್ಲ."

ಮಧ್ಯಾಹ್ನ ಎಂಜಿನಿಯರ್ ಹುಡುಗಿ ತಾನಾಗೇ ಒಂದು ಸೋತ ಒಡ್ಡು ತೋರಿಸಿದಳು. ಇದಕ್ಕೆ ನಾನು ಅವಳಿಗೆ ಋಣಿ. ಒಳ್ಳೆಯದನ್ನಷ್ಟೇ ತೋರಿಸಿ ಕಳಿಸಬಹುದಿತ್ತು. ಗೋಡೆ ಚೆನ್ನಾಗಿಯೇ ಇತ್ತು. ಹಿಂದೆ ತುಂಬಿದ್ದು ಮಾತ್ರ ಮರಳಲ್ಲ, ಗೋಡು, ಅಂದರೆ ನುಣುಪು ಹೂಳುಮಣ್ಣು. ಕಾಲಿಟ್ಟರೆ ಬಿರುಕು ಬಿಟ್ಟ ಗಟ್ಟಿ ಹೆಂಟೆ. ಅಗೆದರೆ ತೇವ ಇದೆ, ನೀರಿಲ್ಲ. ಒಂದೇ ಸಲಕ್ಕೆ ಪೂರ್ತಿ ಎತ್ತರ ಕಟ್ಟಿದ್ದರಿಂದ ಹೊಳೆ ಕೊಳದ ಹಾಗೆ ನಿಂತುಬಿಟ್ಟಿತು. ನಿಂತ ನೀರಿನಲ್ಲಿ ಸಣ್ಣ ಮಣ್ಣೂ ತಳ ಸೇರಿತು. ಗೋಡೆಯನ್ನು ಒಂದೊಂದು ಮಳೆಗಾಲಕ್ಕೆ ಇಷ್ಟಿಷ್ಟೇ ಏರಿಸಿದ್ದರೆ ಒರಟು ಮರಳು ಕೆಳಗೆ ಕೂತು, ಗೋಡು ಮೇಲಿಂದ ಹರಿದು ಹೋಗುತ್ತಿತ್ತು. ಇಂಥ ಒಡ್ಡುಗಳು ಒಂದೆರಡಲ್ಲ, ಸಂಶೋಧಕರು ಇದರ ಬಗ್ಗೆ ಗಟ್ಟಿಯಾಗಿಯೇ ಬರೆದಿದ್ದಾರೆ.

"ಹಾಗಿದ್ರೂ ಯಾಕೆ ಒಂದೇ ಸಲ ಕಟ್ಟೋದು?"

"ದುಡ್ಡು ಕೊಡೋರಿಗೆ ವರ್ಷದೊಳಗೆ ಮುಗಿದ ಫೋಟೋ ಬೇಕು ಅಕ್ಕ. ಮೂರು ವರ್ಷ ಮೂರು ಸಲ ಬಂದು ಕಟ್ತೀವಿ ಅಂದ್ರೆ ಅರ್ಜಿಯಲ್ಲಿ ಅದಕ್ಕೆ ಜಾಗ ಇರಲ್ಲ."

ನನಗೆ ಸಿಟ್ಟು ಬಂತು. ಮಾರ್ಚ್ 31ರೊಳಗೆ ಬಿಲ್ಲು ಮುಗಿಸಲು ಮೇ ತಿಂಗಳ ಗುಂಡಿಯನ್ನು ಜನವರಿಯಲ್ಲಿ ಅಗೆಸಿದ ದಿನಗಳು ನೆನಪಾದವು. ಹೊಳೆಗೆ ಮಳೆಯ ಲೆಕ್ಕ ಗೊತ್ತೇ ಹೊರತು ಬಜೆಟ್ಟಿನ ವರ್ಷ ಗೊತ್ತಿಲ್ಲ. ಆ ಗೋಡಿನ ಮೇಲೆ ನಿಂತಾಗ ಎಷ್ಟು ಕೈಗಳ ಕಲ್ಲು ಅದರೊಳಗಿದೆ ಅಂತ ಯೋಚನೆಯಾಯಿತು. ನನ್ನ ಅಂಗೈ ಇನ್ನೂ ಉರಿಯುತ್ತಿತ್ತು.

ಮೇಲಿನ ಗುಡ್ಡ ನೋಡಿದೆ. ಅಲ್ಲಿ ಮೆಟ್ಟಿಲು ಇರಲಿಲ್ಲ. ಬೋಳು. ಗೋಡು ಬಂದದ್ದು ಅಲ್ಲಿಂದಲೇ. ಎರಡನೇ ದಿನ ಅವಳು ಮೊದಲು ಬದು ತೋರಿಸಿದ್ದು ಯಾಕೆ ಅಂತ ಈಗ ಗೊತ್ತಾಯಿತು.

ಐದನೇ ದಿನ: ಮಕಿಂಡು, ಕಿಬ್ವೆಜಿ

ಮತ್ತೆ ಮೊಂಬಾಸಾ ರಸ್ತೆ. ಮಕಿಂಡುವಿನಲ್ಲಿ ಸಿಖ್ಖರ ಗುರುದ್ವಾರ ಇದೆ. ರೈಲು ಕೆಲಸದವರು 1926ರಲ್ಲಿ ಕಟ್ಟಿದ್ದು. ಯಾರು ಬಂದರೂ ಊಟ, ಮಲಗಲು ಜಾಗ. ಲಾರಿ ಡ್ರೈವರ್‌ಗಳು, ಶಾಲೆ ಮಕ್ಕಳು, ನಾವು, ಎಲ್ಲ ಒಂದೇ ಸಾಲಿನಲ್ಲಿ ಕೂತು ದಾಲ್, ರೊಟ್ಟಿ ತಿಂದೆವು. ದೂರದಲ್ಲಿ ಚ್ಯುಲು ಗುಡ್ಡ ನೀಲಿಯಾಗಿ ಕಾಣುತ್ತಿತ್ತು.

ಇಲ್ಲಿಂದ ಮುಂದೆ ಬಾವೊಬಾಬ್ ಮರಗಳು. ಸವಣೂರಿನ ದೊಡ್ಡಹುಣಸೆ ಮರಗಳನ್ನು ನೋಡಿದ್ದೀರಲ್ಲ, ಅದೇ ಜಾತಿ. ಅಲ್ಲಿ ಬೆರಳೆಣಿಕೆಯಷ್ಟು, ಇಲ್ಲಿ ಹೊಲಕ್ಕೊಂದು.

ಕಿಬ್ವೆಜಿ ಹತ್ತಿರ ರಸ್ತೆ ನೀರು ಹಿಡಿಯುವುದನ್ನು ನೋಡಿದೆ. ರಸ್ತೆಯ ಮೋರಿಯಿಂದ ಹೊರಬೀಳುವ ಮಳೆನೀರನ್ನು ಮಣ್ಣಿನ ಕಾಲುವೆ ಮಾಡಿ ಹೊಲದ ಬದುವಿಗೆ, ಅಲ್ಲಿಂದ ಕೃಷಿ ಹೊಂಡಕ್ಕೆ ಬಿಡುತ್ತಾರೆ. ನಮ್ಮಲ್ಲಿ ಮೋರಿಯ ನೀರು ಯಾರದೋ ಹೊಲ ಕೊರೆದು ಜಗಳ ಆಗುತ್ತದೆ. ಇಲ್ಲೂ ಆಗುತ್ತಿತ್ತಂತೆ. ಹೊಂಡದ ಬಾಯಲ್ಲಿ ಹೂಳು ಇಳಿಯಲು ಒಂದು ಸಣ್ಣ ಗುಂಡಿ ಇತ್ತು. ಎಷ್ಟು ಚಿಕ್ಕ ಸಂಗತಿ! ನಮ್ಮ ಎಷ್ಟು ಹೊಂಡಗಳಲ್ಲಿ ಅದನ್ನೇ ಬಿಟ್ಟು, ಎರಡೇ ವರ್ಷಕ್ಕೆ ಹೂಳು ತುಂಬಿಸಿಕೊಂಡಿದ್ದೇವೆ.

ಸಂಜೆ ಹೊಳೆ ದಂಡೆಯಲ್ಲಿ ಮರಳಿನ ಮಾತು ಬಂತು. ನೈರೋಬಿಯ ಕಟ್ಟಡಗಳಿಗೆ ಮರಳು ಹೋಗುತ್ತಿದ್ದದ್ದು ಈ ಹೊಳೆಗಳಿಂದ. ರಾತ್ರಿ ಲಾರಿ ಬರುತ್ತಿದ್ದವು. ಅಡ್ಡ ಬಂದವರ ಮೇಲೆ ಕೈ ಮಾಡಿದರು, ಪ್ರಾಣಗಳೂ ಹೋದವು. 2015ರಲ್ಲಿ ಮಕುವೇನಿ ಕೌಂಟಿ ಮರಳು ಕಾಪಾಡಲು ತನ್ನದೇ ಕಾನೂನು ಮಾಡಿತು. ಲಾರಿ ನಿಂತೇಹೋಯಿತು ಅಂತಲ್ಲ. ಆದರೆ ಈಗ ಊರವರು ತಡೆದರೆ ಕಾನೂನು ಅವರ ಬೆನ್ನಿಗಿದೆ.

"ನಿಮ್ಮಲ್ಲಿ?" ಅಂತ ಕೇಳಿದರು.

ಕಾನೂನು ನಮ್ಮಲ್ಲೂ ಇದೆ ಅಂದೆ. ಹೊಳೆಯ ಫೋಟೋ ತೋರಿಸು ಅಂದರು. ಫೋನ್ ಕೈಯಿಂದ ಕೈಗೆ ಹೋಯಿತು. ಒಬ್ಬ ಮುದುಕ ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದ. "ಪೋಲೆ" ಅಂದ. ಸಾವಿನ ಮನೆಯಲ್ಲೂ ಅವರು ಆಡುವ ಮಾತು ಅದು. ಆಮೇಲೆ ಫೋಟೋದಲ್ಲಿ ಒಂದು ಕಡೆ ಬೆರಳಿಟ್ಟು ಏನೋ ಹೇಳಿದ. ಹುಡುಗಿ ಅನುವಾದ ಮಾಡಿದಳು: "ಇಲ್ಲಿ ಬಂಡೆ ಅಡ್ಡ ಇದೆಯಲ್ಲ, ಇಲ್ಲೇ ಕಟ್ಟಬಹುದು ಅಂತಾರೆ. ಮೇಲೆ ಇನ್ನೂ ಮರಳು ಬರುತ್ತಾ ಅಂತ ಕೇಳ್ತಿದ್ದಾರೆ."

ಬರುತ್ತದಾ? ದೇವರಾಯನದುರ್ಗದ ಕಡೆಯ ಗುಡ್ಡಗಳು ಇನ್ನೂ ಕಣ ಕಣವಾಗಿ ಕರಗುತ್ತಿವೆ. ಮಳೆಗೆ ಒಂದಿಷ್ಟು ಬಂದೇ ಬರುತ್ತದೆ. ಬಂದದ್ದು ವಾರದೊಳಗೆ ಟ್ರ್ಯಾಕ್ಟರ್ ಹತ್ತುತ್ತದೆ. ಬರುತ್ತೆ ಅಂತ ಹೇಳಿದೆ.

ಆರನೇ ದಿನ: ಕಿಬ್ವೆಜಿಯಿಂದ ವಾಪಸ್ಸು

ಮಧ್ಯಾಹ್ನದ ಹೊತ್ತಿಗೆ ರೈಲು. ಅದಕ್ಕೆ ಮುಂಚೆ ಬೆಳಗ್ಗೆ ಒಂದು ಗುಂಪಿನ ಸಭೆಗೆ ಕರೆದಿದ್ದರು. ಬೇವಿನ ಮರದ ಕೆಳಗೆ ಪ್ಲಾಸ್ಟಿಕ್ ಕುರ್ಚಿ ಹಾಕಿದ್ದರು. ಬೇಯಿಸಿದ ಜೋಳ, ಅಲಸಂದೆ ಕಲಸಿದ 'ಮುಥೊಕೊಯಿ' ಕೊಟ್ಟರು. ಸಿಪ್ಪೆ ತೆಗೆದ ಮುಸುಕಿನ ಜೋಳ, ಬಾಯಲ್ಲಿ ಬೆಣ್ಣೆ. ನನ್ನ ಚಟ್ನಿಪುಡಿ ಮೇಲೆ ಉದುರಿಸಿದೆ. ಬಟ್ಟಲು ಸುತ್ತು ಬಂದು ಖಾಲಿ ಚೀಲ ನನ್ನ ಕೈಗೆ ಬಂತು.

ಈ ಗುಂಪಿನ ಒಡ್ಡು ಅರ್ಧಕ್ಕೆ ನಿಂತಿತ್ತು. ಸಿಮೆಂಟಿನ ದುಡ್ಡು ಬರಬೇಕಿತ್ತು, ಬಂದಿಲ್ಲ. ಮೊದಲ ಹಂತದ ಗೋಡೆ ಮೊಣಕಾಲೆತ್ತರ ನಿಂತಿದೆ. ಸಭೆಯಲ್ಲಿ ಗದ್ದಲವಾಯಿತು. ದಾನಿ ಬರುವವರೆಗೆ ಕಾಯೋಣ ಅಂದವರೂ ಇದ್ದರು. ಅಧ್ಯಕ್ಷೆ ಎದ್ದು ನಿಂತು, ಈ ಮಳೆಗೆ ಮೊಣಕಾಲೆತ್ತರ ಮರಳು ಬಂದರೆ ಬರಲಿ, ಅದು ನಮ್ಮದೇ ತಾನೆ ಅಂದಳು. ಮೇಲಿನ ಗುಡ್ಡದಲ್ಲಿ ಬದು ಹಾಕದ ಹೊಲಗಳ ಪಟ್ಟಿ ಓದಿದಳು. ಒಂದೊಂದು ಹೆಸರಿಗೂ ಯಾರೋ ತಲೆ ತಗ್ಗಿಸಿದರು.

ನನ್ನ ಮುಂದೆ ಮತ್ತೆ ಅದೇ ಪುಸ್ತಕ ಬಂತು. ಹೆಸರು, ಊರು ಬರೆದೆ. ಸಂಸ್ಥೆ ಅನ್ನುವ ಕಡೆ 'ಜಯಮಂಗಲಿ ದಂಡೆ' ಅಂತ ಬರೆದೆ. ನಿಮ್ಮ ಅಕ್ಷರದಲ್ಲೇ ಬರೀರಿ ಅಂತ ಅಧ್ಯಕ್ಷೆ ಹೇಳಿದ್ದರಿಂದ ಕನ್ನಡದಲ್ಲೇ ಬರೆದೆ. ಹೆಂಗಸರು ಬಗ್ಗಿ ನೋಡಿದರು. ಒಬ್ಬಳು 'ಮ' ಅಕ್ಷರದ ಮೇಲೆ ಬೆರಳು ಆಡಿಸಿದಳು. ಅನಿಸಿಕೆಯ ಜಾಗದಲ್ಲಿ ಬಹಳ ಬರೆಯಬೇಕು ಅಂದುಕೊಂಡಿದ್ದೆ. ರೈಲಿನ ಹೊತ್ತಾಗಿತ್ತು. ರೆಕ್ಕೆ ಗೋಡೆ ಎಷ್ಟು ಉದ್ದ, ಗೋಡೆಯನ್ನು ಯಾವ ವರ್ಷ ಎಷ್ಟು ಏರಿಸುತ್ತೀರಿ, ನನಗೆ ಬರೆದು ಕಳಿಸಿ ಅಂತಷ್ಟೇ ಬರೆದು ಫೋನ್ ನಂಬರ್ ಕೊಟ್ಟೆ.

ನಾನು ಕಾರು ಹತ್ತುವಾಗ ಸಭೆ ಮುಗಿದಿರಲಿಲ್ಲ. ಮಂಗಳವಾರ ಬೆಳಗ್ಗೆ ಏಳಕ್ಕೆ ಗುಡ್ಡದ ಮೇಲೆ, ಮನೆಗೊಂದಾಳು, ಗುದ್ದಲಿ ಅವರವರದೇ ಅಂತ ತೀರ್ಮಾನವಾಯಿತು. ಕಾರ್ಯದರ್ಶಿ ಹಾಜರಿ ಪುಸ್ತಕದಲ್ಲಿ ಹೊಸ ಹಾಳೆ ತೆಗೆದು ರೂಲು ಹಾಕುತ್ತಿದ್ದಳು.